ಮೂರನೇ ಜ್ವರ

ಭಾನುವಾರ ಬೆಳಿಗ್ಗೆ, ಶಿಡ್ಲಘಟ್ಟದ ಚಿಂತಾಮಣಿ ರಸ್ತೆ.
ನನ್ನ ಟಿಂಕರಿಂಗ್ ಶೆಡ್ಡಿನ ಮುಂದೆ ಮೂರು ಸುಪ್ರಾ ಬಂದು ನಿಂತವು.
ಮೊದಲು ಮೊಮ್ಮಗ, ಆಮೇಲೆ ಮಗ,
ಕೊನೆಗೆ ಅಜ್ಜ, ಸ್ವಲ್ಪ ಹೊಗೆ ಬಿಟ್ಟುಕೊಂಡು.

ಹೊಸದರ ಮೈತುಂಬ ಗೆರೆ, ತೂತಲ್ಲದ ತೂತು.
ಗಾಳಿ ಹೋಗುತ್ತದೇನೋ ಎಂದು ಬೆರಳು ತೂರಿಸಿದೆ,
ಬರೀ ಕಪ್ಪು ಪ್ಲಾಸ್ಟಿಕ್ಕು.
ಎಂಜಿನ್ನು ಜರ್ಮನಿಯದಂತೆ.
ಅಳಿಯ ನಮ್ಮನೆಯಲ್ಲೇ ಇರೋದು ಎನ್ನುವವರ ಹಾಗೆ
ಒಡೆಯ ಅದನ್ನು ಮೆಲ್ಲಗೆ ಹೇಳಿದ.

ನಡುವಿನದು ತೊಂಬತ್ತನಾಲ್ಕರದು.
ದಾರಿಹೋಕರು ಫೋಟೋ ತೆಗೆದದ್ದು ಅದನ್ನೇ.
ಹಣ್ಣಾದ ರೇಷ್ಮೆಹುಳು ಕಂಡಿದ್ದೀರಾ,
ಸೊಪ್ಪು ಬಿಟ್ಟು, ಒಳಗಿನ ನೂಲು ಚರ್ಮದಾಚೆಗೇ ಹೊಳೆಯುವಂತೆ
ಚಂದ್ರಿಕೆಗೆ ಕಾಯುತ್ತಿರುವುದು? ಹಾಗೆ.
ಎಲ್ಲೂ ಮೂಲೆಯಿಲ್ಲ, ಒರೆಸುವ ಬಟ್ಟೆ ಎಲ್ಲೂ ತಡೆಯುವುದಿಲ್ಲ.
ಅದರ ಬೆಲೆ ಕೇಳಿ ನನ್ನ ಹುಡುಗ ಬಾಬಾಜಾನ್
ಎರಡೂ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ.

ಹಳೆಯದು ಎಂಬತ್ತೆಂಟರದು, ಮೂರನೇ ಪೀಳಿಗೆ.
ಉದ್ದ ಮೂಗು, ಅಡಿಪಟ್ಟಿ ಇಟ್ಟು ಎಳೆದ ಹೆಗಲು.
ಸ್ವಿಚ್ಚು ಒತ್ತಿದರೆ ದೀಪಗಳು ರೆಪ್ಪೆ ತೆರೆದು ಮೇಲೇಳುತ್ತವೆ,
ಎಡಗಣ್ಣು ಒಂದು ಉಸಿರು ತಡ.
ಮೂರನೇ ಜ್ವರಕ್ಕೆ ಕೂತ ಹುಳು ಇದು:
ತಲೆಯೆತ್ತಿ ಇದ್ದಲ್ಲೇ ಇರುತ್ತದೆ, ತಿನ್ನುವುದಿಲ್ಲ,
ಸೊಪ್ಪು ಹಾಕುವವರು ಆ ತಟ್ಟೆ ದಾಟಿ ಮುಂದೆ ಹೋಗುತ್ತಾರೆ.
ನಡುವಿನದನ್ನು ಮಾರಿದರೆ ಇಂಥವು ನಾಲ್ಕು ಬರುತ್ತವಂತೆ.
ಕೇಳಿ ನನಗೇ ಯಾಕೋ ಅವಮಾನವಾಯಿತು.

ಇದನ್ನೇ ಕೊಳ್ಳಲು ಬಂದವರು ಇಮ್ದಾದ್ ಸಾಹೇಬರು.
ನಲವತ್ತು ವರ್ಷ ಗೂಡಿನ ಮಾರ್ಕೆಟ್ಟಿನಲ್ಲಿ ಕೈಯಾಡಿಸಿದವರು,
ಹಳದಿ ಗೂಡಿನ ಕಾಲದಿಂದ ಜಪಾನಿನ ಬಿಳಿ ತಳಿಯವರೆಗೆ.
"ಬಿಳೀದು ನೂಲು ಜಾಸ್ತಿ ಕೊಡುತ್ತೆ. ಚೆಂದ ಅಂದ್ರೆ ಹಳದೀದೇ," ಅಂದರು,
ಯಾರೂ ಕೇಳಿರಲಿಲ್ಲ.
ಬಾಗಿಲು ಎರಡು ಸಲ ಹಾಕಿ ಸದ್ದು ಕೇಳಿದರು,
ಗೂಡನ್ನು ಕಿವಿಯ ಪಕ್ಕ ಅಲ್ಲಾಡಿಸಿ
ಒಳಗಿನದು ಲೊಟಲೊಟ ಅಂದಮೇಲೇ ಹರಾಜು ಕೂಗುವವರು.

ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತ,
ಹಳೇ ಸ್ಪೀಕರಿನದು, ಕರ್ಚೀಫಿನಲ್ಲಿ ಸುತ್ತಿದ್ದು.
ಬಾಗಿಲಿಗೆ ಟಪ್. ಬಾನೆಟ್ಟಿಗೆ ಟಪ್. ಡಿಕ್ಕಿಗೆ ಟಪ್.
ಹಿಂದಿನ ಎಡ ಚಕ್ರದ ಮೇಲೆ, ಕಮಾನು ತಿರುಗುವಲ್ಲಿ
ಹಿಡಿಯಲಿಲ್ಲ.
ಕರ್ಚೀಫು ಅವರ ಕೈಯಲ್ಲೇ ಉಳಿದು
ಅಯಸ್ಕಾಂತ ನೆಲಕ್ಕೆ ಬಿತ್ತು.

ಮಾರುತ್ತಿದ್ದ ಡಾಕ್ಟರ್ ವೆಂಕಟರವಣಪ್ಪ
ನನ್ನ ಮುಖ ನೋಡಲಿಲ್ಲ.
ಎಷ್ಟು ಎಚ್ಚರದಿಂದ ನೋಡಲಿಲ್ಲವೆಂದರೆ
ಶೆಡ್ಡಿಗೆ ಶೆಡ್ಡೇ ಅತ್ತ ತಿರುಗಿತು.

ಆರು ವರ್ಷದ ಹಿಂದೆ ನಂದಿಯ ತಿರುವಿನಲ್ಲಿ
ಬಂಡೆಗೆ ಉಜ್ಜಿಸಿ ತಂದಿದ್ದರು.
ಆ ತಗಡು ಈ ಸೀಮೆಯಲ್ಲಿ ಎಲ್ಲಿ ಸಿಗಬೇಕು.
ಬಡಿದು ಬಡಿದು ಎತ್ತಿದ್ದು ಅರ್ಧ, ಉಳಿದರ್ಧ ಪುಟ್ಟಿ.
ನಾಲ್ಕು ರಾತ್ರಿ ವಾಟರ್ ಪೇಪರ್ ತಿಕ್ಕಿದೆ,
ಕಣ್ಣು ಮುಚ್ಚಿ ಬಲಗಡೆ ಸವರಿ, ಎಡಗಡೆ ಸವರಿ.
ಆ ಕಮಾನು ಕಾರ್ಖಾನೆಯದಲ್ಲ, ನನ್ನ ಅಂಗೈಯದು.

"ನಾನೇ ತುಂಬಿದ್ದು," ಅಂದೆ.

ಇಮ್ದಾದ್ ಸಾಹೇಬರು ಬಗ್ಗಿ ಅಯಸ್ಕಾಂತ ಎತ್ತಿದರು.
ನೆಲದ ಕಬ್ಬಿಣದ ಪುಡಿಯೆಲ್ಲ
ಮೀಸೆಯ ಹಾಗೆ ಅದಕ್ಕೆ ಹತ್ತಿಕೊಂಡಿತ್ತು.
ಊದಿದರು, ಹೋಗಲಿಲ್ಲ.
ಹೆಗಲ ಟವೆಲ್ಲು ತೆಗೆದು ಡಾಕ್ಟರ ಕೈ ಅದರೊಳಗೆ ಎಳೆದುಕೊಂಡು
ಬೆರಳು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು.
ದನದ ಜಾತ್ರೆಯ ಲೆಕ್ಕ. ನಮಗೆ ಕಂಡದ್ದು ಬಟ್ಟೆ ಅಲುಗಿದ್ದಷ್ಟೆ.
ನನ್ನ ನಾಲ್ಕು ರಾತ್ರಿಗೆ ಎಷ್ಟು ಕಳೆದರೋ,
ಏನಾದರೂ ಕೂಡಿಸಿದರೋ.

ಸಂಜೆ ಸಾಹೇಬರೇ ಓಡಿಸಿಕೊಂಡು ಹೋದರು.
ಗೇಟಿನ ಹತ್ತಿರ ದೀಪ ಹಾಕಿದರು:
ಬಲಗಣ್ಣು ತೆರೆಯಿತು,
ಆಮೇಲೆ ಎಡಗಣ್ಣು.
ಅದನ್ನು ಸರಿಮಾಡು ಎಂದು
ಯಾರೂ ಹೇಳಿರಲಿಲ್ಲ.