ಟೇಪು ಮುಗಿದ ಮೇಲೂ ಮಂಚ

ಕೊರಳಿನ ಟೇಪು ಅರವತ್ತು ಇಂಚಿಗೆ ಮುಗಿಯಿತು,
ಮಂಚ ಇನ್ನೂ ಒಂದಡಿ ಉಳಿದಿತ್ತು.

ಸ್ಟೇಷನ್ ರಸ್ತೆಯ ಲಾಡ್ಜು ಮುಚ್ಚಿದಾಗ
ಮೋಡುಕಾ ಲೆಕ್ಕದಲ್ಲಿ ಕೊಂಡು ತಂದ, ತಳ್ಳುಗಾಡಿಯ ಮೇಲೆ,
ಕೌಲ್ ಬಜಾರಿನ ಓಣಿ ಓಣಿಯೂ ಇಣುಕಿ ನೋಡುವ ಹಾಗೆ.
ತಲೆಗಡೆಯ ಹಲಗೆಗೆ ಇನ್ನೂ ರೂಮಿನ ನಂಬರು ಅಂಟಿಕೊಂಡಿದೆ.
ನಲವತ್ತೇಳರ ನಾನು, ಐವತ್ತೆರಡರ ಪಂಪಣ್ಣ,
ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಹನ್ನೊಂದು ದಿನ.
ಒಂಟಿಯಾಗಿದ್ದು ಒಂಟಿಯಾಗಿದ್ದು
ಇಬ್ಬರಿಗೂ ಅಂಚಿನಲ್ಲೇ ಮಲಗುವ ಚಾಳಿ.
ನಡುವೆ ಇನ್ನೊಂದು ಸಂಸಾರ ಹಿಡಿಸುವಷ್ಟು ಬಯಲು.

ಬಳ್ಳಾರಿಗೆ ಚಳಿ ಬರುವುದೇ ಹದಿನೈದು ದಿನ.
ಅದು ಹೋಗುವುದರೊಳಗೆ
ಇಷ್ಟಗಲಕ್ಕೆ ಒಂದು ಕೌದಿ ಆಗಬೇಕು.

ಅವ್ವ ಇದ್ದಿದ್ದರೆ ಕತ್ತರಿ ಹೂವು ಅನ್ನುತ್ತಿದ್ದಳು:
ಮುಕ್ಕೋಣಕ್ಕೆ ಮುಕ್ಕೋಣ, ಮೂಗಿಗೆ ಮೂಗು ಕೂಡಿಸಿ,
ಅಕ್ಕಿಕಾಳಿನಷ್ಟು ಹೊಲಿಗೆ, ಹೊರಗಿನಿಂದ ಒಳಕ್ಕೆ
ಸುತ್ತಿ ಸುತ್ತಿ ಬರುವ ಸಾಲು.
ಆರು ತಿಂಗಳು ಬೇಕು, ನಾಕು ಮಂದಿ ಬೇಕು, ಮಧ್ಯಾಹ್ನಗಳು ಬೇಕು.
ನನಗಿರುವುದು ಶುಕ್ರವಾರ, ಅದೂ ಅರ್ಧ.
ಜೀನ್ಸಿನ ಯೂನಿಟ್ಟಿನಲ್ಲಿ ಜಿಪ್ಪು ಕೂರಿಸುವವಳು ನಾನು,
ದಿನಕ್ಕೆ ಮುನ್ನೂರು.

ಸರಳವಾದದ್ದು ಯಾವುದು ಎಂದು ಕೇಳಿದೆ.
ಪಕ್ಕದ ಮಷೀನಿನ ಶಮೀಮ್: ಪಟ್ಟಿಪಟ್ಟಿ ಹೊಲಿ ಅಕ್ಕಾ,
ಕಾಲು ಕತ್ತರಿಸಿ ಉದ್ದಕ್ಕೆ, ಒಂದರ ಪಕ್ಕ ಒಂದು.
ಮಾಸ್ಟರು ಚೌಕ ಅಂದ.
ಇಸ್ತ್ರಿಯ ಸುಂಕಣ್ಣ, ರಗ್ಗು ತಗೋ, ಕಂತಿನ ಮೇಲೆ ಕೊಡ್ತಾರೆ, ಅಂದ.

ಮನೆಯಲ್ಲಿ ಕೌದಿ ಇಲ್ಲದೆ ಇಲ್ಲ. ಎರಡಿವೆ.
ಒಂದು ನನ್ನದು, ಅವ್ವ ಹೊಲಿದದ್ದು,
ಅದರಲ್ಲಿ ನನ್ನ ಇಸ್ಕೂಲಿನ ಲಂಗವಿದೆ, ಅಪ್ಪನ ರುಮಾಲಿದೆ.
ಇನ್ನೊಂದು ಹುಲಿಗೆವ್ವ ಹೊಲಿದದ್ದು.
ಹುಲಿಗೆವ್ವ ಹೋಗಿ ಒಂಬತ್ತು ವರ್ಷ.
ಅದನ್ನು ಅವನು ಟ್ರಂಕಿನಿಂದ ತೆಗೆದು ನನ್ನ ಮುಂದಿಟ್ಟ,
ನೀಲಿ ಬಣ್ಣದ ಕಾರ್ಖಾನೆಯಲ್ಲಿ ಕಾಯಂ ನೀಲಿಯಾದ
ಉಗುರುಗಳನ್ನು ಮಡಚಿಕೊಂಡು.
'ಬಿಚ್ಚಿ ಬೇಕಾದ್ರ ಬಳಸು' ಅಂದ.
ದನಿ ಬಳಸು ಅನ್ನಲಿಲ್ಲ.

ದೀಪದಡಿ ಹಿಡಿದು ನೋಡಿದೆ.
ನನಗಿಂತ ಚೆನ್ನಾಗಿ ಹೊಲಿಯುತ್ತಿದ್ದಳು, ಸುಳ್ಳೇಕೆ.
ಒಂದು ಕಡೆ ಮಾತ್ರ ಸಾಲು ಸೊಟ್ಟಗಾಗಿದೆ,
ಆ ಹೊತ್ತು ಯಾರೋ ಕರೆದಿರಬೇಕು,
ಇಲ್ಲವೇ ಆಗಲೇ ನೋವು ಶುರುವಾಗಿರಬೇಕು.
ನನ್ನ ಬ್ಲೇಡಿಗೆ ಆ ಸೊಟ್ಟ ಸಾಲು ದಾಟಲಾಗಲಿಲ್ಲ.

ಮರುದಿನ ಹೇಳಿದಾಗ ಶಮೀಮ್ ಬಿದ್ದು ಬಿದ್ದು ನಕ್ಕಳು:
'ಜಿಪ್ಪು ಹಾಕು. ಜಗಳ ಆದ್ರ ಎಳದುಬಿಡಬಹುದು!'
ಅವಳು ನಗುತ್ತಲೇ ಇದ್ದಳು.
ನಾನು ರೋಲಿನಿಂದ ಏಳಡಿ ಕತ್ತರಿಸಿದೆ,
ಮಾಸ್ಟರಿಗೆ ದುಡ್ಡು ಕೊಟ್ಟೆ, ಅವನು ಬೇಡ ಅಂದರೂ.

ಒಂದೆಳೆಯೂ ಬಿಚ್ಚಲಿಲ್ಲ. ಒಂದೂವರೆ ತಾಸು.
ಇತ್ತ ಅವ್ವ, ಅತ್ತ ಹುಲಿಗೆವ್ವ,
ಇಬ್ಬರಿಗೂ ಗೇಣಗಲದ ಜೀನ್ಸಿನ ಪಟ್ಟಿ,
ನಡುವೆ ಹಿತ್ತಾಳೆಯ ಹಲ್ಲು.
ನಿದ್ದೆಗಣ್ಣಿನ ಮೊಣಕೈಗೆ ತಣ್ಣಗೆ ತಾಕದಿರಲೆಂದು
ಪ್ಯಾಂಟಿಗೆ ಇಡುವ ಹಾಗೆಯೇ ಮೇಲೊಂದು ಮುಚ್ಚಳ.

ಕೊನೆಯ ಹೊಲಿಗೆಗೆ ಮೊದಲು ನೆನಪಾಯಿತು:
ಕೌದಿ ಹಸಿದಿರಬಾರದು.
ಅವ್ವನ ಮೂಲೆಯಲ್ಲಿ ಅವ್ವ ಇಟ್ಟ ತುಣುಕು ಇದ್ದೇ ಇದೆ,
ಹುಲಿಗೆವ್ವನೂ ಇಟ್ಟಿರುತ್ತಾಳೆ, ಬಡಿಸದೆ ಬಿಡುವವಳಲ್ಲ.
ಹಸಿದದ್ದು ನಡುವಿನ ಪಟ್ಟಿ.
ಬುಟ್ಟಿಯಲ್ಲಿ ಬೆಳಗಿನ ಜೋಳದ ರೊಟ್ಟಿ, ಅರ್ಧ ನಾನು ತಿಂದದ್ದು.
ಅದರ ಅಂಚು ಮುರಿದು ಒಳಗಿಟ್ಟೆ.

ರಾತ್ರಿ ಪಾಳಿ ಮುಗಿಸಿ ಬಂದವನು
ಚಪ್ಪಲಿ ಬಿಡುವುದನ್ನು ಮರೆತು ನಿಂತ.
ನಡುವೆ ಬೆರಳಾಡಿಸಿದ. ಜಿಪ್ಪು ಎಳೆದು ನೋಡಲಿಲ್ಲ.
'ನಾ ಯಾವ ಕಡೆ?'

ನಾನಾಗಲೇ ಹುಲಿಗೆವ್ವನ ಕಡೆ ಮಲಗಿದ್ದೆ.
ನೀನು ಅವ್ವನ ಕಡೆ ಬಾ, ಅಂದೆ,
ಅಪ್ಪನ ರುಮಾಲು ಎದೆಯ ಮೇಲೆ ಬರುತ್ತದೆ, ಹೆದರಬೇಡ.