ನಕ್ಷತ್ರದಿಂದ ಮತ್ತೆ

ಬಿಡಿ ಎಂದರೆ ಬಿಡುವುದಲ್ಲ, ದಿನಕ್ಕೆರಡು.
ಟಿಡಿಎಸ್ ಮೂರು. ಎಚ್‌ಎಸ್ ಮಲಗುವಾಗ.
ಎಸ್‌ಓಎಸ್, ತಡೆಯಲಾಗದಿದ್ದರೆ ಮಾತ್ರ.
ಇಪ್ಪತ್ತೆರಡು ವರ್ಷ ಡಾಕ್ಟರುಗಳ ಕೈಬರಹ ಓದಿದ್ದೇನೆ,
ಶಾಯಿಗೆ ಬಿದ್ದ ಇರುವೆ ಎದ್ದು ನಡೆದಂಥ ಗೆರೆಯಲ್ಲೂ
ಗುಳಿಗೆಯ ಹೆಸರು ಹಿಡಿದಿದ್ದೇನೆ.
ಲಿಂಗರಾಜಪುರದ ಫ್ಲೈಓವರ್ ಬಗಲಿನ ಈ ಅಂಗಡಿಯಲ್ಲಿ ಕೂತು
ಚೀಟಿ ವಾಪಸು ಕೊಟ್ಟು ‘ಇದು ನನಗೆ ಬಾರದು’ ಎಂದವನಲ್ಲ,

ಅರ್ಸುಲಾ ಟೀಚರು ಆ ಹಾಳೆ ತಂದಿಡುವ ತನಕ.

ರಸೆಲ್ ಮಾರ್ಕೆಟ್ಟಿನ ಹಿಂದೆ ಹಳೇ ಪೇಪರಿನವನ ಹತ್ತಿರ
ತೂಕಕ್ಕೆ ಕೊಂಡದ್ದಂತೆ. ಮಡಿಕೆಯಲ್ಲಿ ಹರಿದಿತ್ತು,
ಕೆಳಗಿನ ಅಂಚಿಗೆ ಯಾರದೋ ಚಹಾ ಲೋಟದ ಅರ್ಧ ಉಂಗುರ.
“ಕಣ್ಣು ಮಂಜು, ಕೈ ನಡುಕ. ಬಿಪಿ ಮಾತ್ರೆ ಕೊಡು,
ಹಾಗೇ ಇದನ್ನೂ ಓದು.”

ಸಿಎಚ್ ಇಪ್ಪತ್ತಾರು. ಎರಡನೆಯದರಲ್ಲಿ ಎಸ್ಸೆಲ್ ಒಂದು.
ನಕ್ಷತ್ರ. ಎಸ್ಕೆ ಎರಡು, ಮುಂದಿನದರಲ್ಲಿ ಡಿಸಿ ಐದು,
ಎಸ್ಕೆ ಎರಡು, ಎಸ್ಸೆಲ್ ಒಂದು.
ನಕ್ಷತ್ರದಿಂದ ಮತ್ತೆ, ಸಾಲಿನ ಕೊನೆಯವರೆಗೆ.

ಓದಿದೆ. ರೋಗ ಯಾವುದೆಂದು ತಿಳಿಯಲಿಲ್ಲ.
ಡಿಸಿ ಎಂದರೆ ನನಗೆ ಕಂದಾಯ ಭವನದ ಸಾಹೇಬರು;
ಒಂದು ತೂತಿನಲ್ಲಿ ಐದು ಸಾಹೇಬರು ಹೇಗೆ ಹಿಡಿಸುತ್ತಾರೆ?
ಸಿಎಚ್ ಸರಪಳಿ ಕಣೋ, ಎಂದರು. ಎಸ್ಸೆಲ್, ಸುಮ್ಮನೆ ನುಸುಳಿಸು.
ಡಿಸಿ ಗಿಡ್ಡ ಕಂಬ. ಎಸ್ಕೆ ಎಂದರೆ ಬಿಡು.
ಇದು ನಿಜಕ್ಕೂ ಬಿಡುವುದೇ.

ಅವರ ಕೈ ನಡುಗಿದ್ದಕ್ಕೆ ಕೊಕ್ಕೆ ನನ್ನ ಕೈಗೆ ಬಂತು.
ಮೂರೂವರೆ ನಂಬರು. ಉಲ್ಲನ್ ಹಾಳಾದೀತೆಂದು
ಔಷಧಿ ಪೆಟ್ಟಿಗೆ ಕಟ್ಟಿ ಬಂದ ದಾರದಲ್ಲೇ ಶುರು.
ಮಧ್ಯಾಹ್ನ, ಗಿರಾಕಿ ಕಡಿಮೆ, ಕೆಮ್ಮಿನ ಸಿರಪ್ಪುಗಳು ಸಾಲಾಗಿ ನೋಡುತ್ತಿವೆ.
“ಅಣ್ಣಾ, ಪ್ಯಾರಾಸಿಟಮಾಲ್ ಒಂದು ಶೀಟು ಎಷ್ಟು?”
ಹದಿನೇಳು, ಎಂದೆ. ಅದು ಸರಪಳಿಯ ಲೆಕ್ಕ.
ಹುಡುಗ ಹದಿನೇಳು ರೂಪಾಯಿ ಎಣಿಸಿಟ್ಟು ಹೋದ.

ಹಾಳೆಯ ಪ್ರಕಾರ ಅದು ಚಿಪ್ಪು.
ನನ್ನದು ಬಿಎಂಟಿಸಿ ಚಕ್ರಕ್ಕೆ ಸಿಕ್ಕ ಸೋಡಾ ಮುಚ್ಚಳ.
ಮೂರು ದಿನ ಹೀಗೇ. ನಾಲ್ಕನೇ ದಿನ ಟೀಚರು ಕೇಳಿದರು,
“ಕೆಳಗೆ ಸಣ್ಣಕ್ಷರ ಏನಾದರೂ ಉಂಟಾ?”
ಉಂಟು. ಚಹಾದ ಕಲೆಯ ಅಡಿಗೆ:
ಇಲ್ಲಿನ ಪದಗಳೆಲ್ಲ ಅಮೆರಿಕದ ರೂಢಿಯವು.
“ಅಯ್ಯೋ! ಮದರ್ ನಮಗೆ ಕಲಿಸಿದ್ದು ಇಂಗ್ಲೆಂಡಿನ ಲೆಕ್ಕ.
ಅವರ ಡಿಸಿ ಉದ್ದ ಕಂಬ ಕಣೋ, ನಮ್ಮದು ಗಿಡ್ಡ.”

ಅವೇ ಎರಡಕ್ಷರ, ಊರಿಗೊಂದು ಎತ್ತರ.
ಟೀಚರು ನಗುತ್ತಿದ್ದರು. ನನ್ನ ಬೆನ್ನು ತಣ್ಣಗಾಯಿತು.
ಒಮ್ಮೆ, ಅದೇ ಹೆಸರಿನ ಗುಳಿಗೆ, ಬಲ ಬೇರೆ, ಕೊಟ್ಟು ಕಳಿಸಿ
ರಾತ್ರಿ ಎಂಟರ ತನಕ ಕಾಚರಕನಹಳ್ಳಿಯ ಗಲ್ಲಿಗಳಲ್ಲಿ
ಆ ಮನೆ ಹುಡುಕಿದ್ದೆ.
ಮುದುಕ ಇನ್ನೂ ನುಂಗಿರಲಿಲ್ಲ; ಊಟಕ್ಕೆ ಕಾಯುತ್ತಿದ್ದ.
ಯಾರಿಗೂ ಹೇಳಿಲ್ಲ ಇದನ್ನು.

ಇಲ್ಲಿ ಕೊಕ್ಕೆ ತೆಗೆದು ಎಳೆದರೆ ಸಾಕು.
ಮೂರು ದಿನ ಸರ್ರನೆ ಬಿಚ್ಚಿಕೊಂಡು
ಕೌಂಟರಿನ ಮೇಲೆ ಗುಂಗುರು ದಾರವಾಯಿತು.

ಎರಡನೇ ಸಾಲು: ಮೊದಲ ಮೂರು ಸರಪಳಿಯನ್ನು ಒಂದು ಕಂಬವೆಂದು ಎಣಿಸಿರಿ.
ಕಂಬವಲ್ಲವಲ್ಲ ಟೀಚರ್?
“ಅಲ್ಲ. ಆದರೂ ಎಣಿಸು.”
ಬಾರದ ಭಾವನ ಹೆಸರಲ್ಲಿ ಮುಯ್ಯಿ ಬರೆಸುತ್ತೇವಲ್ಲ,
ಅಷ್ಟೇ ಎಂದುಕೊಂಡೆ. ಎಣಿಸಿದೆ. ಸಾಲು ನೆಟ್ಟಗೆ ನಿಂತಿತು.

ನಿನ್ನೆಗೆ ಉಲ್ಲನ್‌ನಲ್ಲಿ ಐದು ಸಾಲು.
ಯಾರಿಗಿದು ಎಂದು ಕೇಳಿಲ್ಲ,
ಚೀಟಿ ತಂದವರನ್ನೂ ನಾನು ಕೇಳುವುದಿಲ್ಲ.
ಟೀಚರು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಓದುತ್ತ ಹೋಗಿ
ಮೂರನೇ ಚಿಪ್ಪಿನ ಮೇಲೆ ನಿಂತರು.
“ಇಲ್ಲಿ ನಾಲ್ಕೇ ಇದೆ.”
ಬಿಚ್ಚಲಾ?
“ಬಿಡು.”
ಎಸ್ಕೆ ಬಿಡುವುದೋ, ಸುಮ್ಮನೆ ಬಿಡುವುದೋ
ಕೇಳುವಷ್ಟರಲ್ಲಿ ಆಟೋದವನು ಹಾರನ್ ಹೊಡೆದ.
ಹೆಣಿಗೆಯನ್ನು ಮಡಿಸಿ ಎದೆಗವುಚಿಕೊಂಡು ಹತ್ತಿದರು,
ಮಾತ್ರೆಯ ಕವರು ಇಲ್ಲೇ ಬಿಟ್ಟು.