ಕಡೇ ಡಬ್ಬಿಯ ಬೆನ್ನು

ಕುರ್ಚಿ ಹಿಂದಕ್ಕೆ ಒರಗಿಸಿದೆ.
ನಾಲವಾರದ ಸಾಯಬಣ್ಣ, ರಿಟೈರ್ಡ್ ಪಾಯಿಂಟ್ಸ್‌ಮನ್,
ಬಾಯೊಳಗೆ ಬೆರಳಿಟ್ಟು ತೋರಿಸಿದ:
‘ಇಲ್ಲಿ. ಅಲ್ಲ, ಇಲ್ಲಿ. ಅದರ ಆಕಡಿ.’

ಆಕಡಿ ಅಂದರೆ ಯಾಕಡಿ?
ಅವನ ಬಲಗೆನ್ನೆ ನನ್ನ ಎಡಗೈಗೆ,
ಕನ್ನಡಿಯೊಳಗೆ ಮತ್ತೊಮ್ಮೆ ಅದಲುಬದಲು.
ಹಿಂದೆ ಅಂದರೆ ಗಂಟಲೋ, ಕಿವಿಯೋ,
ಕಿಟಕಿಯಾಚೆ ಕಾಯುತ್ತಿರುವ ಸೇಡಂ ರಸ್ತೆಯೋ?

ಅದಕ್ಕೇ ಮೊದಲ ವರ್ಷ
ಮೇಣದ ಗಟ್ಟಿಯಲ್ಲಿ ದವಡೆಹಲ್ಲು ಕೆತ್ತಿಸುತ್ತ
ಬಾಯಿಪಾಠ ಮಾಡಿಸಿದ್ದರು ನಮಗೆ:
ಎಡಬಲ ಮರೆಯಿರಿ.
ಎರಡು ಮುಂಬಲ್ಲುಗಳ ನಡುವೆ ಒಂದು ಗೆರೆ ಎಳೆಯಿರಿ.
ಆ ಗೆರೆಗೆ ಮುಖ ಮಾಡಿದ್ದು ಮೀಸಿಯಲ್,
ಬೆನ್ನು ಮಾಡಿದ್ದು ಡಿಸ್ಟಲ್.
ಕೆನ್ನೆಯ ಕಡೆಯದು ಬಕ್ಕಲ್, ನಾಲಿಗೆಯ ಕಡೆಯದು ಲಿಂಗ್ವಲ್,
ಮೇಲಿನ ಸಾಲಿನ ಒಳಮೈ ಅಂಗುಳದ ಪಾಲು,
ರೊಟ್ಟಿ ಅರೆಯುವ ನೆತ್ತಿ ಅಕ್ಲೂಸಲ್.

ಹಾಸ್ಟೆಲಿನಲ್ಲಿ ಜರೀನಾ ರಾತ್ರಿಯೆಲ್ಲ ಮೇಣ ಕೆರೆಯುತ್ತ
‘ಬಾಗಿಲೇ ನಡುಗೆರೆ, ನಿನ್ನ ಮಂಚ ನನಗೆ ಡಿಸ್ಟಲ್’ ಅನ್ನುತ್ತಿದ್ದಳು.
ಏಪ್ರಿಲ್ಲಿನ ಕಲಬುರಗಿ.
ಕೆತ್ತಿಟ್ಟ ಗುಡ್ಡ ಕಣಿವೆಗಳು
ಪ್ರಾಕ್ಟಿಕಲ್ಲಿಗೆ ಒಯ್ಯುವಷ್ಟರಲ್ಲಿ ಕರಗಿ ಬಯಲಾಗುತ್ತಿದ್ದವು.

‘ಡಿಸ್ಟಲ್ ಅಂತ ಬರದ್ರೆಲ್ಲ, ಏನ್ರಿ ಅದು, ಡಾಕ್ಟರಬಾಯಿ?’
ಹೇಳಿದೆ. ಹತ್ತಿ ಕಚ್ಚಿಕೊಂಡೇ ನಕ್ಕ.
‘ತಿಳೀತ್ ಬಿಡ್ರಿ. ನಮ್ಮಲ್ಲಿ ಅಪ್ಪು ಡೌನು ಇದ್ದಂಗ.
ಗಾಡ್ಯಾಗ ನೀವು ಹ್ಯಾಂಗರೆ ಕೂಡ್ರಿ, ಬೇಕಂದ್ರ ಬೋರಲ ಮಲಗ್ರಿ,
ಲೈನಿಗಿ ಅದೆಲ್ಲ ಗೊತ್ತಿಲ್ಲ.
ವಾಡಿ ಕಡಿ ಮಾರಿ ಇದ್ರ ವಾಡಿ ಕಡಿನೇ ಮಾರಿ.’

ಪ್ರತಿ ಹಲ್ಲೂ ತನ್ನ ಮುಖವನ್ನು
ಮುಂದಿನದರ ಬೆನ್ನಿಗಿಟ್ಟು ನಿಂತಿರುತ್ತದೆ ಅಂದೆ,
ರೇಷನ್ ಅಂಗಡಿಯ ಸಾಲಿನ ಹಾಗೆ.
ನಟ್ಟನಡುವಿನ ಎರಡು ಮಾತ್ರ ಮುಖಕ್ಕೆ ಮುಖ.
‘ಇಂಜಿನ್ನಿಗಿ ಇಂಜಿನ್ನು!’ ಬೆಚ್ಚಿದ.
ನಾಲಿಗೆ ಹೊರಳಿಸಿ ಆ ಸಂದಿಯನ್ನು ಮುಟ್ಟಿ ನೋಡಿಕೊಂಡ.

ಹುಳುಕು ಇದ್ದದ್ದು ಕೊನೆಯ ಹಲ್ಲಿನ ಡಿಸ್ಟಲ್‌ನಲ್ಲಿ.
ಹಿಂದೆ ಯಾರೂ ಇಲ್ಲ.
ಬ್ರಶ್ಶು ಮುಟ್ಟದ ಬೆನ್ನು.

‘ಮೂವತ್ನಾಕು ವರ್ಷ ನಾ ನೋಡಿದ್ದು ಅದನ್ನೇ ಬಾಯಿ.
ಮಂದಿ ಇಂಜಿನ್ ನೋಡ್ತಾರ. ನಾ ಕಡೇ ಡಬ್ಬಿ ಬೆನ್ನ ನೋಡ್ತಿದ್ದೆ.
ಹಳದಿ ಇಂಟು, ಕೆಳಗ ಕೆಂಪ ದೀಪ.
ಅದು ಕಂಡ್ರ ಗಾಡಿ ಪೂರಾ ಬಂತು,
ನಡುವ ಯಾವ ಡಬ್ಬಿನೂ ಕಳಚಿ ಉಳಿದಿಲ್ಲ ಅಂತ.
ಮಳ್ಯಾಗ, ನಿದ್ದಿಗಣ್ಣಾಗ, ಮಗಳ ಮದುವಿ ಹಿಂದಿನ ರಾತ್ರಿನೂ.’

ಚಾರ್ಟಿನ ಕೆಳಸಾಲು, ಕೊನೆಯ ಚೌಕ:
ಅವನ ಬಲ, ಕಾಗದದ ಎಡ.
ಇಂಟು ಹಾಕಿದೆ.
ಕೀಳುವ ಹಲ್ಲಿಗೆ ನಮ್ಮ ಗುರುತೂ ಅದೇ.
ಅವನಿಗೆ ತೋರಿಸಲಿಲ್ಲ.

ಎರಡೂವರೆಯ ಹೊತ್ತಿಗೆ ಕೈಗೆ ಬಂತು.
ತೊಳೆದು ಅಂಗೈಯಲ್ಲಿಟ್ಟುಕೊಂಡೆ.
ದವಡೆ ಇಲ್ಲ, ಕೆನ್ನೆ ಇಲ್ಲ,
ಗೆರೆಯಂತೂ ಮೊದಲೇ ಇರಲಿಲ್ಲ, ನಾವು ಎಳೆದುಕೊಂಡದ್ದು.
ಆದರೂ ಅದು ಬೇರುಗಳನ್ನು ಡಿಸ್ಟಲ್ ಕಡೆಗೆ ಬಾಗಿಸಿಕೊಂಡು,
ನೆತ್ತಿಯನ್ನು ಇಲ್ಲದ ನಾಲಿಗೆಯತ್ತ ಕೊಂಚ ಓಲಿಸಿಕೊಂಡು
ಯಾವ ಮೇಜಿನ ಮೇಲಿಟ್ಟರೂ ತನ್ನ ವಿಳಾಸ ಹೇಳೀತು:
ಬಲ, ಕೆಳಗೆ, ಕೊನೆಯದು.

ಗಾಜು ಬಟ್ಟೆ ತುರುಕಿದ ಬಾಯಿಂದ ಏನೋ ಕೇಳಿದ.
ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದ.
ಕಡೆಗೆ ಬೆರಳೆತ್ತಿ ಗಾಳಿಯಲ್ಲಿ
ಒಂದು ಇಂಟು ಬರೆದ.

ಬೇರಿನ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದೆ,
ಒಂದು, ಎರಡು.
‘ಹೂಂ’ ಅಂದೆ, ‘ಪೂರಾ ಬಂತು.’